ದೊಡ್ಡ ಮುರು ಮೀನಿನ ಫೋಟೋ ಜೊತೆ ಅದರ ಬದುಕನ್ನೂ ನಾಲ್ಕು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದವು ಅಂದರೆ ಪತ್ರಿಕೆಗಳ ಕರಾವಳಿ ಪುಟದಲ್ಲಿ ಒಂದು ಫೋಟೋ ಬಂದೇ ಬರುತ್ತದೆ. ದೊಡ್ಡದೊಂದು ಮುರು ಮೀನು, ಅದನ್ನು ಎತ್ತಿ ಹಿಡಿದ ಇಬ್ಬರು ಮೂವರು. ಕೆಳಗೆ ಎರಡು ಸಾಲು: ಇಷ್ಟು ಕೆಜಿ ತೂಗಿತು, ಇಷ್ಟು ಸಾವಿರಕ್ಕೆ ಹರಾಜಾಯಿತು. ಅಲ್ಲಿಗೆ ಸುದ್ದಿ ಮುಗಿಯಿತು. ಹಿಡಿದವರ ಮೇಲೆ ನನಗೆ ಯಾವ ದೂರೂ ಇಲ್ಲ. ಡೀಸೆಲ್ ಸುಟ್ಟು, ಅಲೆಗೆ ಮೈಯೊಡ್ಡಿ ತಂದ ಮೀನು ಅದು, ಒಳ್ಳೆ ದರ ಸಿಕ್ಕರೆ ಸಂತೋಷವೇ. ಆದರೆ ಆ ಮೀನು ಯಾವುದು, ಎಲ್ಲಿ ಇರುತ್ತದೆ, ಅಷ್ಟು ದೊಡ್ಡದಾಗಲು ಎಷ್ಟು ವರ್ಷ ಬೇಕು, ಅದು ಗಂಡೋ ಹೆಣ್ಣೋ, ಇದ್ಯಾವುದೂ ಓದುಗರಿಗೆ ಗೊತ್ತಾಗುವುದಿಲ್ಲ. ಮುರು ಮೀನಿನ ವಿಷಯದಲ್ಲಿ ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮಂಗಳೂರು ಕಡೆ ಮುರು ಅಂತಾರೆ, ಕಾರವಾರ ಕಡೆ ಕೊಂಕಣಿ ಮಾತಾಡುವವರು ಗೋಬ್ರೋ ಅಂತಾರೆ, ದೊಡ್ಡ ಹೋಟೆಲಿನ ಮೆನುವಿನಲ್ಲಿ ರೀಫ್ ಕಾಡ್ ಅಂತಲೋ ಗ್ರೂಪರ್ ಅಂತಲೋ ಇರುತ್ತದೆ. ದುಬೈ, ಕುವೈತ್, ಬಹ್ರೇನ್‌ನಲ್ಲಿ ದುಡಿದು ಬಂದ ನಮ್ಮ ಕರಾವಳಿಯವರನ್ನು ಕೇಳಿದರೆ ಹಮೂರ್ ಅಂದುಬಿಡುತ್ತಾರೆ. ಒಟ್ಟಾರೆ ಲೋಕದಲ್ಲಿ ಈ ಬಳಗದ ಮೀನುಗಳು 160ಕ್ಕೂ ಜಾಸ್ತಿ ಬಗೆ ಇವೆ. ಅಂಗೈಗಿಂತ ಸ್ವಲ್ಪ ಉದ್ದ ಬೆಳೆಯುವ ಸಣ್ಣವೂ ಇವೆ, ಮನುಷ್ಯನಿಗಿಂತ ಉದ್ದ ಬೆಳೆಯುವವೂ ಇವೆ. ನಾನು ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಕಿತ್ತಳೆ ಬಣ್ಣದ ಚುಕ್ಕೆ ಇರುವ ಮುರು ಬಗ್ಗೆ. ವಿಜ್ಞಾನಿಗಳು ಅದನ್ನು ಎಪಿನೆಫೆಲಸ್ ಕೊಯೊಯ್ಡಿಸ್ ಅಂತ ಕರೆಯುತ್ತಾರೆ. ಗಲ್ಫಿನ ಹಮೂರ್ ಕೂಡ ಇದೇ.

ಮೀನು ಪೇಟೆಯಲ್ಲಿ ಐಸಿನ ಮೇಲೆ ಮಲಗಿದ ಮುರುವನ್ನು ಒಮ್ಮೆ ಬಗ್ಗಿ ನೋಡಿ. ಬಂಗುಡೆ, ಅಂಜಲ್ ಹಾಗೆ ನಯವಾದ ಚೂಪು ಮೈ ಅಲ್ಲ ಅದರದು. ದಪ್ಪ ದೇಹ, ದೊಡ್ಡ ತಲೆ, ಅದಕ್ಕಿಂತ ದೊಡ್ಡ ಬಾಯಿ. ಕೆಳದವಡೆ ಮೇಲಿನದಕ್ಕಿಂತ ಮುಂದೆ ಚಾಚಿರುತ್ತದೆ. ಬಾಲ ಕವಲೊಡೆದಿರುವುದಿಲ್ಲ, ಅಂಚು ದುಂಡಗೆ ಇರುತ್ತದೆ. ಅಂಜಲಿನ ಕವಲು ಬಾಲ ದಿನವಿಡೀ ಓಡುವ ಮೀನಿನ ಬಾಲ, ಮುರುವಿನ ಈ ಅಗಲ ಬಾಲ ನಿಂತ ಜಾಗದಿಂದ ಒಂದೇ ಸಲ ಮುಂದಕ್ಕೆ ನುಗ್ಗಲು ಇರುವಂಥದ್ದು. ಬೆನ್ನಿನ ರೆಕ್ಕೆಯಲ್ಲಿ ಮುಂದೆ 11 ಗಟ್ಟಿ ಮುಳ್ಳು, ಹಿಂದೆ ಮೆತ್ತನೆಯ ಭಾಗ. ಕಿವಿರಿನ ಮುಚ್ಚಳದ ಮೇಲೂ ಮೂರು ಚಪ್ಪಟೆ ಮುಳ್ಳು ಇವೆ, ಹಿಡಿಯುವಾಗ ಕೈ ಜೋಪಾನ. ನಾನು ಯಾವಾಗಲೂ ಮೀನು ತರುವ ಅಮ್ಮ ಒಂದು ದಿನ ದೊಡ್ಡ ಮುರುವಿನ ಬಾಯಿ ಬಿಡಿಸಿ, ‘ಬೆರಳು ಹಾಕಿ ನೋಡಿ’ ಅಂದರು. ಹೆದರಿ ಹೆದರಿ ಹಾಕಿದೆ. ಒಳಸಾಲಿನ ಹಲ್ಲುಗಳು ಗಂಟಲ ಕಡೆಗೆ ಒತ್ತಿದರೆ ಮಡಚಿಕೊಳ್ಳುತ್ತವೆ, ಹೊರಗೆ ಎಳೆದರೆ ನಿಂತುಬಿಡುತ್ತವೆ. ಏಡಿಗೆ ಒಳಗೆ ಹೋಗಲು ದಾರಿ ಇದೆ, ಹೊರಗೆ ಬರಲು ದಾರಿ ಇಲ್ಲ. ಅಗಿಯುವ ಕೆಲಸಕ್ಕೆ ಈ ಹಲ್ಲುಗಳು ಬೇಡವೇ ಬೇಡ, ಮುರು ಇಡೀ ಮೀನನ್ನೇ ನುಂಗುತ್ತದೆ.

ಬಣ್ಣದ ಮಾತು. ಕಂದು ಬೆರೆತ ಮಾಸಲು ಮೈ, ಹೊಟ್ಟೆ ಕಡೆ ಬಿಳಿಚು. ತಲೆ, ಮೈ, ರೆಕ್ಕೆ ಎಲ್ಲ ಕಡೆ ಕಿತ್ತಳೆ ಅಥವಾ ಕೆಂಪು ಕಂದಿನ ಸಣ್ಣ ಚುಕ್ಕೆ. ಪಕ್ಕದಲ್ಲಿ ಓರೆಯಾಗಿ ಇಳಿದ ಐದು ಮಬ್ಬು ಪಟ್ಟೆ ಇರುತ್ತವೆ, ಹೊಟ್ಟೆ ಕಡೆ ಬರುವ ಹೊತ್ತಿಗೆ ಅವು ಕವಲಾಗುತ್ತವೆ. ಸತ್ತ ಮೇಲೆ ಇದೆಲ್ಲ ಮಂಕಾಗುವುದರಿಂದ ಪೇಟೆಯಲ್ಲಿ ಇದನ್ನು ಮಲಬಾರ್ ಮುರುವಿನಿಂದ ಬೇರೆ ಮಾಡುವುದು ಕಷ್ಟ. ಅದಕ್ಕೂ ಇಂಥದ್ದೇ ಮೈ, ಆದರೆ ಚುಕ್ಕೆ ಕಪ್ಪು. ದಶಕಗಟ್ಟಲೆ ವಿಜ್ಞಾನದ ಬರಹಗಳಲ್ಲೂ ಇವೆರಡನ್ನೂ, ಇನ್ನೊಂದು ಮೂರನೆಯದನ್ನೂ ಸೇರಿಸಿ ಕಲಸಿಬಿಟ್ಟಿದ್ದರು. ಕಿತ್ತಳೆ ಚುಕ್ಕೆಯದಕ್ಕೆ ಮೊದಲು ವೈಜ್ಞಾನಿಕ ಹೆಸರಿಟ್ಟವರು ಯಾರು ಗೊತ್ತಾ? ಟಿಪ್ಪು ಸುಲ್ತಾನ್ ತೀರಿಕೊಂಡ ಮೇಲೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ನಮ್ಮ ಹೊಲ, ಬೆಳೆ, ಜಾತಿ, ಸಂತೆ ಎಲ್ಲವನ್ನೂ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಮುಂದೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ತಂದರು, ಅದರಲ್ಲಿ ಈ ಮೀನು ಇದೆ. ಇತಿಹಾಸದ ಪಾಠದಲ್ಲಿ ಬುಕಾನನ್ ಹೆಸರು ಓದಿದ ನಮ್ಮ ಮಕ್ಕಳಿಗೆ ಇದನ್ನೂ ಹೇಳಬೇಕು.

ಕಡಲ ಮೀನಿಗೆ ನದಿಯ ಪುಸ್ತಕದಲ್ಲಿ ಏನು ಕೆಲಸ ಅಂತ ಅನ್ನಿಸಬಹುದು. ಇದರ ಬಾಲ್ಯ ಕಳೆಯುವುದೇ ಸಿಹಿನೀರು ಉಪ್ಪುನೀರು ಕೂಡುವ ಕಡೆ. ಮೊಟ್ಟೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ತೆರೆದ ಕಡಲಲ್ಲಿ ತೇಲುತ್ತದೆ. ಒಡೆದು ಬಂದ ಮರಿ ಸ್ವಲ್ಪ ದಿನಕ್ಕೆ ಬೆನ್ನಿನ ಮೇಲೊಂದು, ಹೊಟ್ಟೆಯ ಕೆಳಗೆರಡು ಉದ್ದನೆಯ ಮುಳ್ಳು ಬೆಳೆಸಿಕೊಳ್ಳುತ್ತದೆ. ಮೈಗೆ ಹೋಲಿಸಿದರೆ ಆ ಮುಳ್ಳುಗಳೇ ದೊಡ್ಡವು, ನುಂಗಲು ಬಂದವರ ಬಾಯಿಗೆ ಚುಚ್ಚುತ್ತವೆ. ತಿಂಗಳಿಗೂ ಹೆಚ್ಚು ಕಾಲ ಹೀಗೆ ನೀರು ಒಯ್ದ ಕಡೆ ತೇಲಿ, ಬದುಕುಳಿದವು ದಡದ ಹತ್ತಿರ ಬಂದು ಅಳಿವೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಮಧ್ಯೆ, ಮರಳು ಮಣ್ಣಿನ ತಳದಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿ ಸಿಗಡಿ, ಸಣ್ಣ ಏಡಿ ತಿಂದು ಬೆಳೆಯುತ್ತವೆ. ಬೆಳೆದಂತೆ ಆಚೆ ಸರಿದು ಕಲ್ಲು, ಹವಳ, ಮುಳುಗಿದ ಹಡಗು, ಎಲ್ಲೆಲ್ಲಿ ಪೊಟರೆ ಇದೆಯೋ ಅಲ್ಲಿ ನೆಲೆ ನಿಲ್ಲುತ್ತವೆ. 100 ಮೀಟರ್ ಆಳದವರೆಗೂ ಸಿಗುತ್ತವೆ. ಅಂದರೆ ಕಾಂಡ್ಲಾ ಕಡಿದು ಅಳಿವೆ ತುಂಬಿಸಿದರೆ ಹತ್ತಾರು ಮೈಲು ಆಚೆಯ ಕಲ್ಲಿನ ಮೇಲೆ ಮೀನು ಕಡಿಮೆಯಾಗುತ್ತದೆ. ಈ ಎರಡು ಸುದ್ದಿಗಳು ಪತ್ರಿಕೆಯಲ್ಲಿ ಬೇರೆ ಬೇರೆ ಪುಟದಲ್ಲಿ ಬರುತ್ತವೆ, ಎರಡೂ ಒಂದೇ ಸುದ್ದಿ ಅಂತ ಯಾರೂ ಹೇಳುವುದಿಲ್ಲ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ, ಕಡಲ ನಡುವಿನ ನೇತ್ರಾಣಿ ಗುಡ್ಡದ ಸುತ್ತ ನೀರಿಗಿಳಿದವರಿಗೆ ಮುರು ಜಾತಿಯ ಮೀನುಗಳ ಪರಿಚಯ ಇದ್ದೇ ಇರುತ್ತದೆ. ಬೇರೆ ಮೀನುಗಳು ಗುಂಪು ಗುಂಪಾಗಿ ಹಾದು ಹೋಗುತ್ತಿರುತ್ತವೆ. ಮುರು ಮಾತ್ರ ಒಂಟಿ. ಕಲ್ಲಿನ ಸಂದಿಯಲ್ಲಿ ತಲೆಯಷ್ಟೇ ಹೊರಗೆ ಇಟ್ಟು, ಎದೆಯ ರೆಕ್ಕೆ ನಿಧಾನ ಆಡಿಸುತ್ತಾ ನಿಂತಿರುತ್ತದೆ. ಕಣ್ಣು ಮಾತ್ರ ತಿರುಗುತ್ತಲೇ ಇರುತ್ತದೆ, ನೀವು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಇನ್ನೂ ಸ್ವಲ್ಪ ಹತ್ತಿರ ಹೋದರೆ ಮೈಬಣ್ಣ ಬದಲಾಗುತ್ತದೆ. ಇಲ್ಲದ ಪಟ್ಟೆಗಳು ಎದ್ದು ಬರುತ್ತವೆ, ಇದ್ದವು ಮಾಯವಾಗುತ್ತವೆ, ಕೆಲವೇ ಕ್ಷಣದಲ್ಲಿ. ಆಮೇಲೆ ಒಂದು ಬಾಲದ ಹೊಡೆತ, ಸಂದಿ ಖಾಲಿ. ದೊಡ್ಡ ಜಾತಿಯ ಕೆಲವು ಮುರುಗಳು ಗಾಳಿಚೀಲದ ಪಕ್ಕದ ಸ್ನಾಯು ಅದುರಿಸಿ ಗುಂ ಅಂತ ಸದ್ದು ಮಾಡುತ್ತವೆ, ಮುಳುಗುವವರಿಗೆ ಅದು ಎದೆಗೇ ತಾಗುತ್ತದಂತೆ.

ಇಂಥ ಬೇಟೆಗಾರನ ಬಾಯೊಳಗೆ ಬೆರಳುದ್ದದ ಒಂದು ಮೀನು ನಿರ್ಭಯವಾಗಿ ಹೋಗಿ ಬರುತ್ತದೆ. ನೀಲಿ ಮೈ, ಉದ್ದಕ್ಕೂ ಒಂದು ಕಪ್ಪು ಪಟ್ಟೆ. ಹವಳದ ಕೆಲವು ಜಾಗಗಳಲ್ಲಿ ಇವು ಕಾಯಂ ಇರುತ್ತವೆ. ಮುರು ಅಲ್ಲಿಗೆ ಬಂದು ಬಾಯಿ ಕಿವಿರು ಎರಡೂ ಅಗಲಿಸಿ ನಿಲ್ಲುತ್ತದೆ, ಸಣ್ಣ ಮೀನು ಹಲ್ಲಿನ ಸಂದಿ, ಕಿವಿರಿನ ಒಳಗಿನ ಹುಳಗಳನ್ನು ಹೆಕ್ಕಿ ತಿನ್ನುತ್ತದೆ. ಮುಗಿದ ಮೇಲೆ ಮುರು ಮೈ ಒಮ್ಮೆ ಕೊಡವುತ್ತದೆ. ಒಳಗಿದ್ದದ್ದು ಹೊರಗೆ ಬರುತ್ತದೆ. ಆಮೇಲಷ್ಟೇ ಬಾಯಿ ಮುಚ್ಚುತ್ತದೆ.

ಬೇಟೆ ಹೇಗೆ ಅಂದರೆ, ಮುರು ಅಟ್ಟಿಸಿಕೊಂಡು ಹೋಗುವ ಮೀನಲ್ಲ. ಕಾಯುತ್ತದೆ. ಏಡಿಯೋ ಬೊಂಡಾಸವೋ (ಸ್ಕ್ವಿಡ್) ಸಣ್ಣ ಮೀನೋ ಹತ್ತಿರ ಬಂದಾಗ ಬಾಯಿಯನ್ನು ಒಮ್ಮೆಲೇ ಅಗಲಿಸುತ್ತದೆ. ಒಳಗೆ ಖಾಲಿ ಜಾಗ ಆಗಿ, ನೀರು ಒಳನುಗ್ಗಿ, ನೀರಿನ ಜೊತೆ ಬೇಟೆಯೂ ಒಳಗೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಆದರೆ ಬೇಟೆ ಹವಳದ ಸಣ್ಣ ಸಂದಿಗೆ ಹೊಕ್ಕರೆ ಈ ದಪ್ಪ ಮೈ ಅಲ್ಲಿಗೆ ಹೋಗುವುದಿಲ್ಲ. ಆಗ ಅದು ಮಾಡುವ ಉಪಾಯ ಇದೆಯಲ್ಲ, ಅದನ್ನು ಓದಿದ ದಿನದಿಂದ ನನಗೆ ಈ ಮೀನಿನ ಮೇಲೆ ಗೌರವ ಹೆಚ್ಚಾಯಿತು. ಕೆಂಪು ಸಮುದ್ರದಲ್ಲಿ ರೆಡುವಾನ್ ಬ್ಶಾರಿ ಅನ್ನುವ ವಿಜ್ಞಾನಿ ಮತ್ತು ಜೊತೆಯವರು ನೋಡಿ 2006ರಲ್ಲಿ ಬರೆದದ್ದು: ಅಲ್ಲಿನ ಹವಳದ ಮುರು, ಮೊರೇ ಹಾವುಮೀನು ಮಲಗಿರುವ ಪೊಟರೆಯ ಮುಂದೆ ಹೋಗಿ ತಲೆಯನ್ನು ಪಟಪಟ ಅಲ್ಲಾಡಿಸುತ್ತದೆ. ಬಾ ಹೋಗೋಣ ಅಂತ ಕರೆ. ಹಾವುಮೀನು ಎದ್ದು ಬರುತ್ತದೆ. ಎರಡೂ ಜೊತೆಯಾಗಿ ಹೊರಡುತ್ತವೆ. ಹಾವುಮೀನು ಸಂದಿಯೊಳಗೆ ನುಗ್ಗುತ್ತದೆ, ಹೊರಗೆ ಓಡಿ ಬಂದದ್ದು ಮುರುವಿಗೆ, ಒಳಗೇ ಸಿಕ್ಕಿಬಿದ್ದದ್ದು ಹಾವುಮೀನಿಗೆ. ಬೇಟೆ ಯಾವ ಸಂದಿಯಲ್ಲಿ ಅಡಗಿದೆ ಅಂತ ತೋರಿಸಲು ಮುರು ತಲೆ ಕೆಳಗೆ ಮಾಡಿ ನೆಟ್ಟಗೆ ನಿಂತು ಅದೇ ಜಾಗದ ಮೇಲೆ ತಲೆ ಅಲ್ಲಾಡಿಸುತ್ತದೆ ಅಂತ 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಬೆರಳಿಲ್ಲದ ಪ್ರಾಣಿ ಬೆರಳು ಮಾಡಿ ತೋರಿಸಿದ್ದು ಅದು. ಅಷ್ಟಪದಿಯ (ಆಕ್ಟೋಪಸ್) ಜೊತೆಗೂ ಮುರುಗಳು ಬೇಟೆಗೆ ಹೋಗುತ್ತವೆ, ಸುಮ್ನೆ ಹಿಂದೆ ಅಲೆಯುವ ಮುರುವಿಗೆ ಅಷ್ಟಪದಿ ಕೈಯಿಂದ ಗುದ್ದುವುದನ್ನೂ ವಿಡಿಯೋ ಮಾಡಿದ್ದಾರೆ.

ಈಗ ನಮಗೆ ಹತ್ತಿರದ ಲಕ್ಷದ್ವೀಪಕ್ಕೆ ಬರುತ್ತೇನೆ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಿರುವುದು ನಮ್ಮ ಮೈಸೂರಿನಲ್ಲಿ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು. 1998, 2010, 2016, 2024, ಇಷ್ಟು ಸಲ ನೀರು ಕಾದು ಅಲ್ಲಿನ ಹವಳ ಬೆಳ್ಳಗಾಗಿ ಸತ್ತಿದೆ. ಸತ್ತ ಹವಳ ಕ್ರಮೇಣ ಮುರಿದು ಪುಡಿಯಾಗುತ್ತದೆ, ಪೊಟರೆಗಳು ಹೋಗಿ ತಳ ಬೋಳಾಗುತ್ತದೆ. ಅಡಗಿ ಕಾಯುವ ಮೀನಿಗೆ ಅಡಗಲು ಜಾಗವೇ ಇಲ್ಲ ಅಂದರೆ? ರುಚಾ ಕರ್ಕರೆ ಮತ್ತು ಜೊತೆಯವರು ನವಿಲು ಮುರು ಅನ್ನುವ, ಕಡು ಕಂದು ಮೈಮೇಲೆ ನೀಲಿ ಚುಕ್ಕೆ ಇರುವ ಜಾತಿಯನ್ನು ಹಿಂಬಾಲಿಸಿ ನೋಡಿದರು. ಹವಳ ಚೆನ್ನಾಗಿರುವ ಕಡೆ ಅದು ಕೂತು ಕಾದು ಹಿಡಿಯುತ್ತಿತ್ತು. ಹಾಳಾದ ಕಡೆ ಅದೇ ಜಾತಿ ದೂರ ದೂರ ಅಲೆದು ಬೇಟೆಯಾಡುತ್ತಿತ್ತು, ತನ್ನ ಸರಹದ್ದನ್ನು ದೊಡ್ಡದು ಮಾಡಿಕೊಂಡಿತ್ತು. ಸ್ವಭಾವವನ್ನೇ ಬದಲಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತಿದೆ ಅಂತ ಓದಿ ಖುಷಿಯೂ ಆಯಿತು, ಹೊಟ್ಟೆಗೆ ಸಂಕಟವೂ ಆಯಿತು. ಯಾಕೆಂದರೆ ಎಲ್ಲ ಮುರುಗಳೂ ಹೀಗೆ ಹೊಂದಿಕೊಳ್ಳುವುದಿಲ್ಲ. ದೀರ್ಘಕಾಲ ಬದುಕುವ ಜಾತಿಗಳಿಗೆ ಗಟ್ಟಿಯಾಗಿ ಉಳಿಯುವ ಹವಳವೇ ಬೇಕು ಅಂತ ಅದೇ ತಂಡದ ಇನ್ನೊಂದು ಅಧ್ಯಯನ ಹೇಳಿದೆ.

ಇಷ್ಟೆಲ್ಲ ಹೇಳಿ ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಂಡೋ ಹೆಣ್ಣೋ ಅಂತ ಕೇಳಿದೆನಲ್ಲ. ಕಿತ್ತಳೆ ಚುಕ್ಕೆಯ ಮುರು ಬಾಳು ಶುರು ಮಾಡುವುದು ಹೆಣ್ಣಾಗಿ. ಎರಡು ಮೂರು ವರ್ಷಕ್ಕೆ, ಒಂದು ಅಡಿ ಹತ್ತಿರ ಉದ್ದ ಆದಾಗ ಮೊಟ್ಟೆ ಇಡಲು ಶುರು ಮಾಡುತ್ತದೆ. ವರ್ಷಗಟ್ಟಲೆ ಮೊಟ್ಟೆ ಇಟ್ಟು, 55ರಿಂದ 75 ಸೆಂಟಿಮೀಟರ್ ಆಗುವ ಹೊತ್ತಿಗೆ ಕೆಲವು ಗಂಡಾಗುತ್ತವೆ. ಈ ಅಳತೆ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹೆಚ್ಚು ಕಡಿಮೆ ಆಗುತ್ತದೆ, ಆದರೆ ಕ್ರಮ ಇದೇ: ಮೊದಲು ಹೆಣ್ಣು, ಆಮೇಲೆ ಗಂಡು. ಮೈಯೊಳಗಿನ ಹಾರ್ಮೋನು ಬದಲಾಗಿ, ಮೊಟ್ಟೆಯ ಜಾಗದಲ್ಲಿ ವೀರ್ಯ ಉತ್ಪತ್ತಿಯಾಗುವ ಅಂಗ ಬೆಳೆಯುತ್ತದೆ. ಮುರು ಬಳಗದ ಹೆಚ್ಚಿನ ಜಾತಿಗಳ ದಾರಿ ಇದೇ. ಎಷ್ಟೋ ಜಾತಿಗಳಲ್ಲಿ ದೊಡ್ಡ ಗಂಡು ಇಲ್ಲವಾದರೆ ಇರುವ ಹೆಣ್ಣುಗಳಲ್ಲಿ ದೊಡ್ಡದು ಗಂಡಾಗುತ್ತದೆ. ಈ ಕಿತ್ತಳೆ ಚುಕ್ಕೆ ಮುರು 20 ವರ್ಷ ದಾಟಿಯೂ ಬದುಕಬಲ್ಲದು. ಹೀಗಾಗಿ ಫೋಟೋದಲ್ಲಿ ಎತ್ತಿ ಹಿಡಿದ ದೊಡ್ಡ ಮುರು ಬಹಳ ಸಲ ಆ ಕಲ್ಲಿನ ಹಿರಿಯ ಗಂಡಾಗಿರುತ್ತದೆ, ವರ್ಷಗಟ್ಟಲೆ ತಾಯಿಯಾಗಿದ್ದು ಆಮೇಲೆ ಗಂಡಾದದ್ದು.

ಎಲ್ಲರೂ ದೊಡ್ಡದನ್ನೇ ಹುಡುಕಿ ಹಿಡಿದರೆ ಏನಾಗುತ್ತದೆ ಅಂತ ಅಮೆರಿಕದವರು ಕಣ್ಣಾರೆ ಕಂಡಿದ್ದಾರೆ. ಮೆಕ್ಸಿಕೋ ಕೊಲ್ಲಿಯಲ್ಲಿ ಗ್ಯಾಗ್ ಅನ್ನುವ ಮುರು ಇದೆ. 1970ರ ದಶಕದಲ್ಲಿ ಅದರ ಸಂಖ್ಯೆಯಲ್ಲಿ ಗಂಡುಗಳ ಪಾಲು ಶೇಕಡಾ 17ರಷ್ಟು ಇತ್ತು. 1990ರ ದಶಕಕ್ಕೆ ಬಂದಾಗ ಅದು ಶೇಕಡಾ 2ರ ಹತ್ತಿರ ಇಳಿದಿತ್ತು. ಕಡಲಲ್ಲಿ ಮೀನು ಕಾಣುತ್ತಿದೆ, ಮೊಟ್ಟೆ ಇಡುವ ಹೆಣ್ಣುಗಳೂ ಇವೆ, ಆದರೆ ಆ ಮೊಟ್ಟೆ ಫಲಿಸಲು ಗಂಡುಗಳಿಲ್ಲ. ಬಂದರಿನಲ್ಲಿ ತೂಕದ ಲೆಕ್ಕ ಮಾತ್ರ ಬರೆದುಕೊಳ್ಳುವವರಿಗೆ ಇದು ಗೊತ್ತಾಗುವುದು ತುಂಬಾ ತಡವಾಗಿ. ದೊಡ್ಡ ಹೆಣ್ಣುಗಳೂ ಬೇಗ ಬೇಗ ಗಂಡಾಗಬೇಕಾಗಿ ಬಂದರೆ ಅತಿ ಹೆಚ್ಚು ಮೊಟ್ಟೆ ಇಡುವ ತಾಯಂದಿರೂ ಕಡಿಮೆಯಾಗುತ್ತವೆ, ಹೊಡೆತ ಎರಡೂ ಕಡೆಯಿಂದ. ಗಲ್ಫಿನಲ್ಲೂ ಹಮೂರನ್ನು ಮಿತಿಮೀರಿ ಹಿಡಿದು ಸಂಖ್ಯೆ ಕುಸಿದಿದೆ, ಇದನ್ನು ಅಬುಧಾಬಿಯ ಪರಿಸರ ಇಲಾಖೆಯೇ ಹೇಳಿಕೊಂಡಿದೆ.

ಇನ್ನೊಂದು ಸಂಗತಿ ಇದೆ. ವರ್ಷವಿಡೀ ಒಂಟಿಯಾಗಿರುವ ಈ ಮೀನು, ಹಲವು ಜಾತಿಗಳಲ್ಲಿ, ಮೊಟ್ಟೆ ಇಡುವ ಕಾಲಕ್ಕೆ ಮಾತ್ರ ಒಂದು ಗೊತ್ತಾದ ಜಾಗಕ್ಕೆ ಗೊತ್ತಾದ ತಿಥಿಗೆ ಬಂದು ಸೇರುತ್ತದೆ. ಊರ ತೇರಿಗೆ ಎಲ್ಲೆಲ್ಲಿಂದಲೋ ಜನ ಬಂದು ಕೂಡುವ ಹಾಗೆ, ಮೈಲಿಗಟ್ಟಲೆ ಈಜಿ ಬರುತ್ತವೆ, ಪ್ರತಿ ವರ್ಷ ಅದೇ ಜಾಗಕ್ಕೆ. ಆ ಜಾಗ ಗೊತ್ತಾದ ದಿನ ಮೀನಿಗೆ ಕೇಡು. ಕೆರಿಬಿಯನ್ ಕಡಲಿನ ಲಿಟ್ಲ್ ಕೇಮನ್ ದ್ವೀಪದ ಪಶ್ಚಿಮದ ತುದಿಯಲ್ಲಿ ನಸ್ಸಾವ್ ಮುರುಗಳು ಚಳಿಗಾಲದ ಹುಣ್ಣಿಮೆ ಹೊತ್ತಿಗೆ ಸೇರುವುದು 2001ರಲ್ಲಿ ಮೀನುಗಾರರಿಗೆ ಗೊತ್ತಾಯಿತು. ಸುಮಾರು 7,000 ಮೀನು ಇದ್ದವು. ಎರಡೇ ವರ್ಷದಲ್ಲಿ 4,000 ಹಿಡಿದು ಮುಗಿಸಿದರು. 2003ರಲ್ಲಿ ಅಲ್ಲಿನ ಸರ್ಕಾರ ಆ ಕಾಲಕ್ಕೆ ಅಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿತು. ಮೊದಲ ಕೆಲವು ವರ್ಷ ಏನೂ ಸುಧಾರಿಸಿದ ಹಾಗೆ ಕಾಣಲಿಲ್ಲ. ಆದರೂ ನಿಷೇಧ ತೆಗೆಯಲಿಲ್ಲ, ವಿಜ್ಞಾನಿಗಳು ಲೆಕ್ಕ ಹಾಕುತ್ತಲೇ ಇದ್ದರು. 2018ರ ಹೊತ್ತಿಗೆ ಮತ್ತೆ 7,000 ದಾಟಿತು. ಇದಕ್ಕಿಂತ ಒಳ್ಳೆ ಸುದ್ದಿ ಮೀನಿನ ಲೋಕದಲ್ಲಿ ನಾನು ಓದಿಲ್ಲ. ಹದಿನೈದು ವರ್ಷ ಬೇಕಾಯಿತು ಅನ್ನುವುದನ್ನೂ ಗಮನಿಸಬೇಕು, ಮುರು ನಿಧಾನ ಬೆಳೆಯುವ ಮೀನು.

ನಮ್ಮ ಲಕ್ಷದ್ವೀಪದಲ್ಲೂ ಇಂಥ ಕೂಟ ಇದೆ. ಒಂದು ಹವಳ ದ್ವೀಪದ ಬಳಿ ಚೌಕ ಬಾಲದ ಹವಳ ಮುರುಗಳು ಅಮಾವಾಸ್ಯೆ ಆಸುಪಾಸಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುವುದನ್ನು ಅದೇ ರುಚಾ ಕರ್ಕರೆ, ರೋಹನ್ ಆರ್ಥರ್, ನಮ್ಮ ಬೆಂಗಳೂರಿನ ಐಐಎಸ್‌ಸಿಯ ಕವಿತಾ ಈಶ್ವರನ್ ಮತ್ತಿತರರು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಗಂಡುಗಳು ತಳದಲ್ಲಿ ತಮ್ಮ ತಮ್ಮ ಜಾಗ ಹಿಡಿದು ಕಾದಾಡುತ್ತವೆ, ಹೆಣ್ಣುಗಳು ಹಿಂಡಾಗಿ ಓಡಾಡುತ್ತವೆ, ಕೆಲವು ಗಂಡುಗಳು ಇಡೀ ಹಿಂಡಿನ ಬೆನ್ನು ಹತ್ತುತ್ತವೆ. ಆ ಹೊತ್ತಿನಲ್ಲಿ ಅವಕ್ಕೆ ಹೆದರಿಕೆ ಕಡಿಮೆ. ಬೇರೆ ದಿನ ದೂರದಿಂದಲೇ ಓಡಿಹೋಗುವ ಮೀನು ಆಗ ಹತ್ತಿರ ಹೋದರೂ ಜಾಗ ಬಿಡುವುದಿಲ್ಲ. ಹಿಡಿಯುವುದು ತುಂಬಾ ಸುಲಭ. ಲಕ್ಷದ್ವೀಪದವರು ಮೊದಲಿಂದ ಗಾಳದಲ್ಲಿ ಸೂರೆ (ಟ್ಯೂನಾ) ಮೀನು ಹಿಡಿದು ಬದುಕಿದವರು, ಅದರಿಂದಾಗಿಯೇ ಹವಳದ ಮೀನು ಉಳಿದುಕೊಂಡಿತ್ತು. ಈಗ ಹವಳದ ಮೀನಿಗೂ ಹೊರಗಿನಿಂದ ಬೇಡಿಕೆ ಬಂದಿದೆ.

ನಮ್ಮ ದಡಕ್ಕೆ ಬರೋಣ. ಕರ್ನಾಟಕದ ಟ್ರಾಲ್ ಬೋಟುಗಳಿಗೆ ಮುರು ಬಳಗದಲ್ಲಿ ಹೆಚ್ಚಾಗಿ ಬೀಳುವುದು ಐದು ಕಪ್ಪು ಪಟ್ಟೆಯ ಚಿಕ್ಕ ಜಾತಿ, ಅರ್ಧ ಮೀಟರಿನ ಆಚೆ ಈಚೆ ನಿಲ್ಲುವಂಥದ್ದು. ಅದರಲ್ಲೂ ಎಷ್ಟೋ ಮೀನು ಇನ್ನೂ ಒಂದು ಸಲವೂ ಮೊಟ್ಟೆ ಇಡದ ಮರಿಗಳು. ಅಂಗೈ ಉದ್ದದ ಮುರು ಮರಿಗಳನ್ನು ರಾಶಿ ಹಾಕಿ ಮಾರುವುದನ್ನು ನಾನು ಪೇಟೆಯಲ್ಲಿ ನೋಡುತ್ತಲೇ ಇರುತ್ತೇನೆ. ಪ್ಲೇಟಿಗೆ ಸರಿಯಾಗುವ ಇಡೀ ಮೀನಿನ ತವಾ ಫ್ರೈಗೆ ಹೋಟೆಲುಗಳಿಂದ ಬೇಡಿಕೆ ಇದೆಯಂತೆ. ಹೀಗೆ ಕೆಳಗಿನಿಂದ ಮರಿಗಳು ಹೋಗುತ್ತವೆ, ಮೇಲಿನಿಂದ ಹಿರಿಯ ಗಂಡುಗಳು ಹೋಗುತ್ತವೆ. ಕಿತ್ತಳೆ ಚುಕ್ಕೆಯ ಮುರು ಇನ್ನೂ ಅಳಿವಿನ ಅಂಚಿಗೆ ಬಂದಿಲ್ಲ. ಈಗಲೇ ಎಚ್ಚರ ಆದರೆ ಯಾರ ಅನ್ನಕ್ಕೂ ಕಲ್ಲು ಬೀಳದ ಹಾಗೆ ಸರಿಮಾಡಬಹುದು ಅನ್ನುವುದೇ ನನ್ನ ಕಳಕಳಿ. ಸಾಕಣೆಯ ದಾರಿಯೂ ತೆರೆದಿದೆ: ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಶಾಖಪಟ್ಟಣ ಕೇಂದ್ರದವರು ಇದೇ ಜಾತಿಯನ್ನು ಮೊಟ್ಟೆಯಿಂದ ಮರಿ ಮಾಡಿ ಬೆಳೆಸುವ ವಿಧಾನ ಕಂಡುಕೊಂಡಿದ್ದಾರೆ.

ಹಾಗಾಗಿ ನನ್ನ ಕೋರಿಕೆಗಳು. ಮೊದಲನೆಯದು ನಿಮಗೆ. ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ಜೊತೆಗೆ ಮೀನಿನ ಜಾತಿ, ಉದ್ದ, ಹಿಡಿದ ಆಳ ಬರೆಯಿರಿ. ನಿಮ್ಮ ವರದಿಗಾರರು ಮೀನುಗಾರಿಕಾ ಕಾಲೇಜಿನವರಿಗೋ ಸಂಶೋಧನಾ ಕೇಂದ್ರಕ್ಕೋ ಫೋಟೋ ಕಳಿಸಿ ಕೇಳಿದರೆ ಹೇಳದೇ ಇರುತ್ತಾರಾ? ಮುಖ್ಯವಾಗಿ, ಅದು ದೈತ್ಯ ಮುರು ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳಿ. ಎಪಿನೆಫೆಲಸ್ ಲ್ಯಾನ್ಸಿಯೊಲೇಟಸ್ ಅನ್ನುವ ಆ ಮೀನು 2.7 ಮೀಟರ್ ಉದ್ದ, 400 ಕೆಜಿವರೆಗೂ ಬೆಳೆಯುತ್ತದೆ. ದೊಡ್ಡದಾದ ಮೇಲೆ ಬೂದು ಬಣ್ಣದ ಮಚ್ಚೆ ಮಚ್ಚೆ ಮೈ, ಮರಿಯಾಗಿದ್ದಾಗ ಹಳದಿ ಕಪ್ಪು. ಅದನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಅಂದರೆ ಹುಲಿ ಆನೆಗಳಿರುವ ಪಟ್ಟಿಗೆ, ಸೇರಿಸಿದ್ದಾರೆ. ಬಲೆಗೆ ಬಿದ್ದರೆ ಬಿಡಬೇಕಾದ ಮೀನು ಅಂತ ಎಷ್ಟು ಜನ ಮೀನುಗಾರರಿಗೆ ಗೊತ್ತು? ಹೇಳಿದವರು ಯಾರು? ಆಳದಿಂದ ಸರಕ್ಕನೆ ಎಳೆದ ಮುರುವಿನ ಗಾಳಿಚೀಲ ಉಬ್ಬಿ ಹೊಟ್ಟೆಯೇ ಬಾಯಿಗೆ ಬಂದಿರುತ್ತದೆ, ಹಾಗೇ ನೀರಿಗೆ ಬಿಟ್ಟರೆ ಮುಳುಗಲಾರದೆ ಸಾಯುತ್ತದೆ. ಹೇಗೆ ಬಿಡಬೇಕು ಅನ್ನುವುದನ್ನೂ ಇಲಾಖೆಯವರು ಬೋಟಿನವರಿಗೆ ಕಲಿಸಿಕೊಡಬೇಕು.

ಕೊಳ್ಳುವ ನಮಗೂ ಒಂದು ಕೆಲಸ ಇದೆ. ಒಂದು ಅಡಿಗಿಂತ ಚಿಕ್ಕ ಮುರು ಕಂಡರೆ ಬಿಟ್ಟು ಬಂಗುಡೆಯನ್ನೋ ಬೂತಾಯಿಯನ್ನೋ ತನ್ನಿ. ಬೇಗ ಬೆಳೆಯುವ ಮೀನುಗಳು ಅವು, ರುಚಿಗೂ ಕಡಿಮೆ ಇಲ್ಲ. ಐದು ಪಟ್ಟೆಯ ಚಿಕ್ಕ ಜಾತಿಗೆ ಈ ಅಳತೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಬಹುದು, ಪೇಟೆಯಲ್ಲಿ ನಿಂತು ಜಾತಿ ಗುರುತಿಸಲಾಗದ ನನ್ನಂಥವರಿಗೆ ಇದೇ ಸುಲಭ. ಎರಡು ಅಡಿ ದಾಟಿದ್ದನ್ನು ಕೇಳಿ ಕೇಳಿ ತರಿಸಿಕೊಳ್ಳುವುದೂ ಬೇಡ. ಮನೆಗೆ ಎಷ್ಟು ಬೇಕು ಅಷ್ಟು ತುಂಡು ಮಧ್ಯದ ಅಳತೆಯ ಮೀನಿನಲ್ಲೇ ಸಿಗುತ್ತದೆ.

ಕಡೆಯದಾಗಿ ಮೀನುಗಾರಿಕಾ ಇಲಾಖೆಗೆ ಒಂದು ಮಾತು, ನಿಮ್ಮ ಮೂಲಕ. ನೇತ್ರಾಣಿ ಸುತ್ತ, ಕಾರವಾರದ ಹೊರಗಿನ ಗುಡ್ಡಗಳ ಸುತ್ತ, ಮಲ್ಪೆ ಆಚೆಯ ಕಲ್ಲುಗಳ ಮೇಲೆ ಮುರುಗಳು ಯಾವಾಗ ಮೊಟ್ಟೆ ಇಡುತ್ತವೆ, ಎಲ್ಲಾದರೂ ಗುಂಪಾಗಿ ಸೇರುತ್ತವಾ, ಯಾವ ತಿಂಗಳು, ಹುಣ್ಣಿಮೆಗೋ ಅಮಾವಾಸ್ಯೆಗೋ, ಇದನ್ನು ಕೇಳಿ ತಿಳಿದುಕೊಳ್ಳಬೇಕಾದದ್ದು ಗಾಳದ ಮೀನುಗಾರರಿಂದ. ಪಾತಿ ದೋಣಿಯಲ್ಲಿ ಹೋಗಿ ಕಲ್ಲಿನ ಮೇಲೆ ಗಾಳ ಬಿಟ್ಟವರಿಗೆ, ಈಗ 70 ದಾಟಿದ ಹಿರಿಯರಿಗೆ, ಯಾವ ಕಲ್ಲಿನಲ್ಲಿ ಯಾವ ಮಾಸದಲ್ಲಿ ಮೊಟ್ಟೆ ತುಂಬಿದ ಮುರು ಸಿಗುತ್ತಿತ್ತು ಅನ್ನುವುದು ಬಾಯಲ್ಲೇ ಇದೆ. ಅವರ ಹತ್ತಿರ ಕೂತು ಬರೆದುಕೊಳ್ಳಲು ದೊಡ್ಡ ಯೋಜನೆ ಬೇಕಿಲ್ಲ, ಒಬ್ಬ ವಿದ್ಯಾರ್ಥಿ, ಒಂದು ಪುಸ್ತಕ, ಪಂಚಾಂಗ ಸಾಕು. ಬರೆದುಕೊಂಡದ್ದನ್ನು ಜಾಗದ ಹೆಸರು ಸಮೇತ ಪತ್ರಿಕೆಯಲ್ಲಿ ಹಾಕಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ, ಲಿಟ್ಲ್ ಕೇಮನ್‌ನಲ್ಲಿ ಆದದ್ದು ಇಲ್ಲಿ ಆಗಬಾರದು. ಆ ಜಾಗ, ಆ ದಿನಗಳು ಇಲಾಖೆಗೂ ಆಯಾ ಬಂದರಿನ ಮೀನುಗಾರರ ಸಂಘಕ್ಕೂ ಗೊತ್ತಿದ್ದರೆ ಸಾಕು. ಆ ನಾಲ್ಕೈದು ದಿನ ಅಲ್ಲಿ ಗಾಳ ಹಾಕುವುದು ಬೇಡ ಅಂತ ಅವರವರೇ ಕೂತು ತೀರ್ಮಾನ ಮಾಡಿಕೊಳ್ಳಲಿ.

ಇಂತಿ,
ನಿಮ್ಮ ಓದುಗ, ಕುಮಟಾ